ಯಾರ ರೂಮಿನ ಟೆಂಪರೇಚರ್?

ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಎಂದವರು ವಿಜಯಪುರದ ರೂಮು ನೋಡಿದವರಲ್ಲ. ಅವರ ಲೆಕ್ಕದ ರೂಮು ಯುರೋಪಿನ ಹಳೇ ಕಲ್ಲುಮನೆಯದು, 16ರಿಂದ 18 ಡಿಗ್ರಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕಪಾಟಿನೊಳಗೇ 33 ಇರುತ್ತದೆ. ಹಾಗೇ ಸುರಿದರೆ ಮೊದಲು ಮೂಗಿಗೆ ಬಡಿಯುವುದು ಆಲ್ಕೋಹಾಲಿನ ಘಾಟು. "ಚೆರ್ರಿ ವಾಸನಿ ಬರ್ತದಂದ್ರಿ, ಸ್ಪಿರಿಟ್ ವಾಸನಿ ಹೊಡ್ಯಾಕತ್ತೈತಲ್ರೀ ಕಾಕಾ" ಎಂಬ ತಕರಾರು ನ್ಯಾಯವಾದದ್ದೇ.

ಕೆಂಪು ವೈನು ಫ್ರಿಜ್ಜಿನಲ್ಲಿ ಒಂದೂವರೆ ತಾಸು ಇರಲಿ. ಬಿಳಿಯದಕ್ಕೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು. 25 ನಿಮಿಷ ಸಾಕು. ಬರೀ ಐಸು ಹಾಕಿದರೆ ನಡುವೆ ಗಾಳಿ ಉಳಿದು ಬಾಟಲಿ ತಣ್ಣಗಾಗಲು ತಡವಾಗುತ್ತದೆ. ಅವಸರಕ್ಕೆ ಫ್ರೀಜರಿಗೆ ತಳ್ಳಿ ಮರೆಯುವವರು ವೈನು ರುಚಿ ನೋಡುವ ಎಲ್ಲ ಕೂಟದಲ್ಲೂ ಒಬ್ಬರಿರುತ್ತಾರೆ. ಮೈನಸ್ 5-6ರ ಹೊತ್ತಿಗೆ ವೈನು ಹೆಪ್ಪುಗಟ್ಟಲು ಶುರುವಾಗಿ, ಹಿಗ್ಗಿ, ಬೂಚು ತಾನೇ ಮೇಲೆದ್ದು ಬರುತ್ತದೆ.

ಸ್ಪೇನಿನ ಕಾವಾ ಅಗ್ಗದ ನೊರೆವೈನುಗಳಲ್ಲಿ ನನ್ನ ಮೊದಲ ಆಯ್ಕೆ. ಷಾಂಪೇನಿನಂತೆ ಬಾಟಲಿಯೊಳಗೇ ಎರಡನೇ ಸಲ ಹುದುಗಿ, ಕನಿಷ್ಠ 9 ತಿಂಗಳು ಈಸ್ಟಿನ ಗಸಿಯ ಮೇಲೆ ಕೂತಿರುತ್ತದೆ. ಒಳಗಿನ ಒತ್ತಡ ಹತ್ತಿರಹತ್ತಿರ 6 ಅಟ್ಮಾಸ್ಫಿಯರ್, ಬಿಸಿಯಾದಷ್ಟೂ ಜಾಸ್ತಿ. ಬೆಚ್ಚಗಿರುವಾಗ ಅಲುಗಾಡಿಸಿ ತೆಗೆದರೆ ಅರ್ಧ ವೈನು ಮಾಳಿಗೆಗೆ, ಬೂಚು ಪಕ್ಕದ ಮನೆಯವರ ಸೋಲಾರಿಗೆ. ಬೂಚಿಗೆ ಬಿಗಿದ ತಂತಿಯನ್ನು ಆರು ಅರ್ಧಸುತ್ತು ಬಿಚ್ಚಿ, ಹೆಬ್ಬೆರಳು ಬೂಚಿನ ಮೇಲಿಂದ ಸರಿಸದೆ, ಬಾಟಲಿಯನ್ನು ಓರೆ ಹಿಡಿದು ಬೂಚಿನ ಬದಲು ಬಾಟಲಿಯನ್ನೇ ತಿರುಗಿಸಬೇಕು. ಸಣ್ಣಗೆ ಉಸ್ಸೆಂದರೆ ಕೆಲಸ ಸರಿಯಾಯಿತು. ಇಟಲಿಯ ನೊರೆವೈನು ಪ್ರೊಸೆಕ್ಕೊ ಕೊಳ್ಳುವಾಗ 'ಎಕ್ಸ್‌ಟ್ರಾ ಡ್ರೈ' ಎಂದಿದ್ದರೆ ಸಿಹಿಯೇ ಇಲ್ಲವೆಂದು ಮೋಸಹೋಗಬೇಡಿ, ಅದು 'ಬ್ರುಟ್' ಎಂಬ ಲೇಬಲ್ಲಿನದಕ್ಕಿಂತ ಸಿಹಿ.

ರುಚಿ ನೋಡಲು ಒಬ್ಬರಿಗೆ ಒಂದು ಸಲಕ್ಕೆ 50 ಮಿಲಿ. 750 ಮಿಲಿ ಬಾಟಲಿ 15 ಜನಕ್ಕೆ ಬರುತ್ತದೆ. ಸ್ಟೀಲ್ ಲೋಟ ಬೇಡ, ಊದಿನಕಡ್ಡಿಯೂ ಬೇಡ. ನುರಿತವರು ಬಾಯಾಡಿಸಿ ಉಗುಳುತ್ತಾರೆ. ನಮ್ಮಲ್ಲಿ ಪೀಕದಾನಿ ಇಟ್ಟರೆ "ರೊಕ್ಕಾ ಕೊಟ್ಟು ತಂದದ್ದ ಉಗಳೂದೇನ್ರೀ?" ಎಂದು ಎಲ್ಲರೂ ನುಂಗುವವರೇ. ಆರು ವೈನಿಗೆ 300 ಮಿಲಿ ಒಳಗೆ ಹೋಗುತ್ತದೆ. ಹಾಗಾಗಿ ಐದನೆಯದು ಯಾವುದೇ ಇರಲಿ, ಸರ್ವಾನುಮತದಿಂದ ಅದೇ ಶ್ರೇಷ್ಠ! ಬೆಲೆ ಕಟ್ಟುವುದಿದ್ದರೆ ಮೊದಲ ಮೂರರ ಮಾರ್ಕನ್ನಷ್ಟೇ ನಂಬಿ.

ಆಮದು ಸುಂಕ ಸೇರಿದ ಮೇಲೆ ಫ್ರಾನ್ಸಿನ ಬೋರ್ಡೋ, ಇಟಲಿಯ ಬರೋಲೋದಂಥ ದೊಡ್ಡ ಹೆಸರಿಗೆ ಮತ್ತೆ ದುಡ್ಡು ಸುರಿಯುವುದು ದಂಡ. ಪಕ್ಕದ ಸಣ್ಣ ಹೆಸರುಗಳನ್ನು ಹುಡುಕಿ: ಪೋರ್ಚುಗಲ್ಲಿನ ವಿನ್ಯೋ ವೆರ್ದೆ, ಫ್ರಾನ್ಸಿನ ಮಸ್ಕಡೆ, ಸ್ಪೇನಿನ ಕಲಟಾಯುದ್ ಕಡೆಯ ಗಾರ್ನಾಚಾ ದ್ರಾಕ್ಷಿಯ ಕೆಂಪು ವೈನು. ಸ್ಪೇನಿನದೇ ರಿಯೋಹಾ ಸೀಮೆಯ 'ಕ್ರಿಯಾಂಜಾ' ಕೆಂಪು ವೈನಿಗೆ ಎರಡು ವರ್ಷ ಕಾಯಿಸಿ, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿಟ್ಟು ಮಾರಬೇಕೆಂಬ ನಿಯಮವಿದೆ. ಕಾಯುವ ಕೆಲಸ ಅವರೇ ಮಾಡಿಕೊಟ್ಟಂತೆ. ಅಗ್ಗದ ಬಿಳಿ ವೈನಿನ ಲೇಬಲ್ಲಿನಲ್ಲಿ ಕೊಯ್ಲಿನ ವರ್ಷ ನೋಡಿ. ಮೂರು ವರ್ಷ ದಾಟಿ, ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಊಟದ ಗಂಡಾಂತರವೇ ಬೇರೆ. ಕೆಂಪು ಖಾರಕ್ಕೆ 14.5 ಶೇಕಡಾ ಆಲ್ಕೋಹಾಲಿನ ಒಗರು ವೈನು ಸೇರಿದರೆ ನಾಲಿಗೆಗೆ ಬೆಂಕಿ. ಆಲ್ಕೋಹಾಲು, ಒಗರು ಎರಡೂ ಉರಿಯನ್ನು ಹೆಚ್ಚಿಸುತ್ತವೆ. ಎಣ್ಣೆಗಾಯಿಗೆ ತಣ್ಣಗಿನ, ನೊರೆಯುಳ್ಳ ಇಟಲಿಯ ಲಂಬ್ರುಸ್ಕೊ ವೈನು ಒಪ್ಪುತ್ತದೆ, ಅದರ ಹುಳಿ ಎಣ್ಣೆಯನ್ನು ಕಡಿಯುತ್ತದೆ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ತೊಳೆಯಲು ಜೋಳದ ರೊಟ್ಟಿಯ ಚೂರಿಗಿಂತ ಒಳ್ಳೆಯದಿಲ್ಲ. ಯುರೋಪಿನವರು ಇದಕ್ಕೆ ಬಳಸುವ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಕೂಟದಲ್ಲಿದ್ದರೆ ಮೊದಲ ಪ್ರಶ್ನೆ, "ಬ್ರಿಕ್ಸ್ ಎಷ್ಟ್ರೀ?" ಪ್ರಶ್ನೆ ಪಕ್ಕಾ. ಬ್ರಿಕ್ಸ್ ಎಂದರೆ ಹಣ್ಣಿನ ರಸದಲ್ಲಿರುವ ಸಕ್ಕರೆಯ ಅಳತೆ, ಆ ಅಂಕಿಯ ಅರ್ಧಕ್ಕಿಂತ ತುಸು ಹೆಚ್ಚು ಆಲ್ಕೋಹಾಲಾಗುತ್ತದೆ. ಲೇಬಲ್ಲಿನಲ್ಲಿ 13 ಇದ್ದರೆ ಹಣ್ಣು 23ರ ಆಸುಪಾಸಿನಲ್ಲಿ ಕೊಯ್ದದ್ದು. ಈ ಲೆಕ್ಕ ಕೈಕೊಡುವುದು ಜರ್ಮನಿಯ ರೀಸ್ಲಿಂಗ್ ಕಬಿನೆಟ್ ಎಂಬ ಬಿಳಿ ವೈನಿನ ಮುಂದೆ. ಹಲವು ಬಾಟಲಿಗಳಲ್ಲಿ ಆಲ್ಕೋಹಾಲು 8-9 ಶೇಕಡಾ ಅಷ್ಟೇ.

"ಇಷ್ಟ ಕಮ್ಮಿ ಬ್ರಿಕ್ಸಿಗೆ ಹಣ್ಣ ಕೊಯ್ದಾರೇನ್ರೀ?"

"ಇಲ್ರೀ ಸಾವ್ಕಾರ್ರ, ಹುದುಗೂದನ್ನ ನಡುವ ನಿಲ್ಲಿಸ್ಯಾರ. ಉಳದ ಸಕ್ರಿ ಬಾಟ್ಲ್ಯಾಗ ಐತಿ."

"ಹಂಗಾದ್ರ ಖಾರದ ಜೋಡಿ ಇದನ್ನ ಹಾಕ್ರಿ."