‘ಆಯ್ತು’ ಅಂದರೆ ಏನಾಯ್ತು?

ಜರ್ಮನಿಯ ಸ್ಟುಟ್‌ಗಾರ್ಟಿಗೂ ಬೆಂಗಳೂರಿಗೂ ನಂಟು ಹಳೆಯದು. ಆಡುಗೋಡಿಯ ಹಳಬರು ಇಂದಿಗೂ ‘ಮೈಕೋ’ ಎಂದೇ ಕರೆಯುವ ಬಾಷ್ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1951ರಲ್ಲಿ. ಅದರ ಮೂಲ ಕಚೇರಿ ಇರುವುದು ಸ್ಟುಟ್‌ಗಾರ್ಟಿನ ಮಗ್ಗುಲಲ್ಲೇ, ಗೆರ್ಲಿಂಗನ್ ಎಂಬಲ್ಲಿ. ಮುಂದೆ ಮರ್ಸಿಡಿಸ್ ಕೂಡ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಹಾಗಾಗಿ ಈ ಎರಡು ಊರುಗಳ ನಡುವೆ ಬೆಳಗಾದರೆ ಫೋನು, ಮೀಟಿಂಗು, ಮೇಲ್‌ಗಳ ಓಡಾಟ. ಇಲ್ಲಿಗೆ, ಅಂದರೆ ಸ್ಟುಟ್‌ಗಾರ್ಟಿಗೆ, ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರಿಗೆ ‘ಸಂವಹನ ಕೌಶಲ’ ಅಂತ ಕಲಿಸಿ ಕಳಿಸುವುದು ಇಂಗ್ಲಿಷ್ ಉಚ್ಚಾರಣೆ, ಕೈಕುಲುಕುವ ರೀತಿ, ಸ್ಲೈಡ್ ಮಾಡುವ ಬಗೆ. ಕಲಿಯಲಿ, ಅಡ್ಡಿಯಿಲ್ಲ. ಕೆಲಸ ಕೆಡುವುದು ಮಾತ್ರ ನಮ್ಮದೇ ಒಂದು ಮಾತಿನಿಂದ. ಅದು ‘ಆಯ್ತು’.

ಇದು ಒಂದೇ ಪದ, ಒಳಗೆ ಐದು ಅರ್ಥ. ನೀವು ಹೇಳಿದ್ದು ಕೇಳಿಸಿತು ಅನ್ನುವುದಕ್ಕೂ ಆಯ್ತು, ಒಪ್ಪಿದೆ ಅನ್ನುವುದಕ್ಕೂ ಆಯ್ತು. ಮಾಡ್ತೀನಿ ಅನ್ನುವುದಕ್ಕೂ, ಮಾಡಿ ಮುಗಿಸಿದೆ ಅನ್ನುವುದಕ್ಕೂ ಅದೇ. ‘ಆಯ್ತು ಬಿಡಿ’ ಅಂದರಂತೂ ನನಗೆ ಒಪ್ಪಿಗೆಯಿಲ್ಲ, ಆದರೆ ಈ ವಾದ ಸಾಕು ಎಂದರ್ಥ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಎದುರಿಗೆ ಕೂತವರಿಗೆ ದನಿ, ಮುಖ, ಎಷ್ಟು ತಡೆದು ಹೇಳಿದರು ಎಂಬುದರ ಮೇಲೆಯೇ ಇದು ಯಾವ ಆಯ್ತು ಎಂದು ಗೊತ್ತಾಗಿಬಿಡುತ್ತದೆ. ಅದೇ ಮಾತು ‘ಓಕೆ’ ಆಗಿ, ಕ್ಯಾಮೆರಾ ಆಫ್ ಆಗಿರುವ ಮೀಟಿಂಗಿನಲ್ಲಿ ಜರ್ಮನ್ನರ ಕಿವಿಗೆ ಬಿದ್ದಾಗ ಉಳಿಯುವುದು ಒಂದೇ ಅರ್ಥ: ಮಾತು ಕೊಟ್ಟರು.

‘ನೋಡೋಣ’, ‘ಸ್ವಲ್ಪ ಕಷ್ಟ’ ಎಂಬವುಗಳ ಪಾಡೂ ಇದೇ. ಇವು ಎದುರಿನವರ ಮನಸ್ಸು ನೋಯಿಸದೆ ‘ಇಲ್ಲ’ ಹೇಳುವ ನಮ್ಮ ದಾರಿಗಳು. ‘ನೋಡೋಣ’ ಅಂದರೆ ಜರ್ಮನ್ ಸಹೋದ್ಯೋಗಿ, ಇವರು ಪರಿಶೀಲಿಸಿ ಉತ್ತರ ಕೊಡುತ್ತಾರೆ ಎಂದು ಬರೆದುಕೊಂಡು ಮುಂದಿನ ವಾರ ‘ನೋಡಿದಿರಾ?’ ಎಂದು ಕೇಳುತ್ತಾನೆ. ‘ಸ್ವಲ್ಪ ಕಷ್ಟ’ ಅಂದರೆ ಆ ‘ಸ್ವಲ್ಪ’ವನ್ನೇ ಹಿಡಿದು, ಇನ್ನೆರಡು ದಿನ ಕೊಟ್ಟರೆ ಸಾಕೇ ಅನ್ನುತ್ತಾನೆ. ನಾವು ಪಕ್ಕಕ್ಕೆ ತಲೆ ಆಡಿಸಿ ‘ಹ್ಞೂಂ’ ಸೂಚಿಸುವುದು ಅವರಿಗೆ ‘ಇಲ್ಲ’ ಎಂದೋ ‘ಅನುಮಾನ’ ಎಂದೋ ಕಾಣುತ್ತದೆ. ಆದ್ದರಿಂದ ವಿಡಿಯೋ ಕರೆಯಲ್ಲಿ ತಲೆಯಾಡಿಸಿದರೂ ಬಾಯಲ್ಲೂ ಹೇಳಿ.

ವಿಮಾನ ಹಾರಿಸುವವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂಬುದು ಗಮನಿಸುವಂಥದ್ದು. ಅವರ ಭಾಷೆಯಲ್ಲಿ ‘ರೋಜರ್’ ಅಂದರೆ ನೀವು ಹೇಳಿದ್ದು ತಲುಪಿತು, ಅಷ್ಟೇ. ‘ವಿಲ್ಕೋ’ ಅಂದರೆ ತಿಳಿಯಿತು, ಹಾಗೇ ಮಾಡುತ್ತೇನೆ. ನಮ್ಮ ಆಯ್ತುವನ್ನು ಅವರು ಎರಡು ಹೋಳು ಮಾಡಿಟ್ಟಿದ್ದಾರೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಹೊರಡುತ್ತಿದ್ದ ವಿಮಾನದಿಂದ ಬಂದ ಅಸ್ಪಷ್ಟ ಮಾತಿಗೆ ನಿಯಂತ್ರಣ ಗೋಪುರದಿಂದ ಹೋದ ಮೊದಲ ಉತ್ತರ ‘ಓಕೆ’. ‘ಕಾಯಿರಿ’ ಎಂಬ ಮುಂದಿನ ಮಾತು ಎರಡು ರೇಡಿಯೋ ದನಿಗಳು ಒಂದರ ಮೇಲೊಂದು ಬಿದ್ದು ಸರಿಯಾಗಿ ಕೇಳಿಸಲಿಲ್ಲ. ಆ ಬಳಿಕ ಸೂಚನೆಯ ಮುಖ್ಯ ಭಾಗವನ್ನು ಪೈಲಟ್ ತನ್ನ ಬಾಯಲ್ಲಿ ತಿರುಗಿ ಹೇಳಲೇಬೇಕು ಎಂಬ ಕಟ್ಟುಪಾಡು ಇನ್ನಷ್ಟು ಬಿಗಿಯಾಯಿತು. ಹಾರುವ ಅನುಮತಿಯ ಸಂದರ್ಭಕ್ಕೆ ಬಿಟ್ಟು ಬೇರೆಲ್ಲೂ ‘ಟೇಕಾಫ್’ ಪದ ಬಳಸಕೂಡದು ಎಂಬ ನಿಯಮವೂ ಬಂತು.

ಆಫೀಸಿನಲ್ಲಿ ಜೀವ ಹೋಗುವ ಅಪಾಯವಿಲ್ಲ, ಆದರೆ ಕೆಡುವ ಬಗೆ ಒಂದೇ. ಇದರ ಬೇರು ನಮ್ಮ ‘ಆಗು’ ಕ್ರಿಯಾಪದದಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಕೆಲಸ ಆಗಿಲ್ಲ, ತಡ ಆಯ್ತು, ಮಿಸ್ ಆಯ್ತು, ನಾಳೆ ಆಗುತ್ತೆ. ಯಾರಿಂದ ಎಂಬುದು ಈ ಯಾವ ಮಾತಿನಲ್ಲೂ ಇಲ್ಲ. ಅದರ ಜೊತೆಗಾರ ‘ಹೋಗು’ ಕೂಡ ಹಾಗೆಯೇ: ಮರೆತುಹೋಯ್ತು, ಕೈತಪ್ಪಿಹೋಯ್ತು. ‘ಮಾಡು’ ಹಾಗಲ್ಲ. ಮಾಡಿದೆ, ಮಾಡಿದಳು, ಮಾಡಿದೆವು ಅನ್ನುವಾಗ ಕೊನೆಯ ಅಕ್ಷರದಲ್ಲೇ ಮಾಡಿದವರ ಗುರುತು ಕೂತಿರುತ್ತದೆ. ‘ಆಗು’ ದಯೆಯುಳ್ಳ ಕ್ರಿಯಾಪದ, ಅದನ್ನು ನಾನು ಎಂದೂ ಹಳಿಯಲಾರೆ. ‘ಲೋಟ ಒಡೆದುಹೋಯ್ತು’ ಅನ್ನುವ ಮಗುವಿಗೆ ಬೈಗುಳ ಕಡಿಮೆ. ‘ತಪ್ಪಾಯ್ತು’ ಅಂದರೆ ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ಕೆಲಸದ ಮಾತಿಗೆ ಮಾತ್ರ ‘ಆಗು’ ಬಂದಲ್ಲೆಲ್ಲ ‘ಮಾಡು’ ಹಾಕಿ ನೋಡಿ. ‘ರಿಪೋರ್ಟ್ ನಾಳೆ ಆಗುತ್ತೆ’ ಎಂಬುದನ್ನು ‘ರಿಪೋರ್ಟನ್ನ ನಾನು ನಾಳೆ ಮಧ್ಯಾಹ್ನ ಮೂರಕ್ಕೆ ಕಳಿಸ್ತೀನಿ’ ಎಂದು ತಿದ್ದಿದರೆ ಯಾರು, ಯಾವಾಗ ಎರಡೂ ತಾವಾಗಿ ಒಳಗೆ ಬಂದು ಕೂರುತ್ತವೆ. ಇಂಗ್ಲಿಷಿಗೆ ಹೋಗುವ ಮುಂಚೆ ತಲೆಯೊಳಗೆ, ಕನ್ನಡದಲ್ಲೇ, ಇಷ್ಟು ತಿದ್ದಿಕೊಳ್ಳಬೇಕು.

ಜರ್ಮನ್ನರಲ್ಲೂ ಇಂಥ ನುಣುಚುವ ಮಾತು ಇಲ್ಲದಿಲ್ಲ. ‘ಮಾನ್ ಮ್ಯುಸ್ಟೆ ಮಾಲ್’ ಎಂದು ಶುರುಮಾಡಿದರೆ, ‘ಯಾರಾದರೂ ಒಮ್ಮೆ ನೋಡಬೇಕಿತ್ತು’ ಎಂದರ್ಥ, ಯಾರೂ ನೋಡುವುದಿಲ್ಲ. ಆದರೆ ಅದಕ್ಕೆ ಅವರು ಒಂದು ಮದ್ದನ್ನೂ ಇಟ್ಟುಕೊಂಡಿದ್ದಾರೆ: ಮೀಟಿಂಗಿನ ‘ಪ್ರೊಟೊಕಾಲ್’. ಯಾರು ಯಾರಿಗೆ ಏನಂದರು ಎಂದೆಲ್ಲ ಬರೆಯುವ ಉದ್ದ ನಡಾವಳಿ ಒಂದು ಬಗೆ. ದಿನನಿತ್ಯದ ಕೆಲಸಕ್ಕೆ ಬಳಸುವುದು ತೀರ್ಮಾನಗಳನ್ನಷ್ಟೇ ಬರೆಯುವ ಇನ್ನೊಂದು ಬಗೆ. ಅದರ ಜೀವ ಮೂರು ಪ್ರಶ್ನೆಗಳಲ್ಲಿದೆ: ಯಾರು, ಏನು, ಯಾವಾಗಿನೊಳಗೆ. ‘ವೇರ್ ಮಾಖ್ಟ್ ವಾಸ್ ಬಿಸ್ ವಾನ್’ ಎಂದು ಅವರು ಒಂದೇ ಉಸಿರಿಗೆ ಹೇಳುತ್ತಾರೆ.

ಇದನ್ನು ಮಾಡುವ ಕ್ರಮ ಸರಳ. ಅರ್ಧ ಗಂಟೆಯ ಮೀಟಿಂಗಾದರೆ ಕೊನೆಯ ಐದು ನಿಮಿಷ ಇದಕ್ಕೇ ಮೀಸಲಿಡಿ, ಚರ್ಚೆ ಅರ್ಧಕ್ಕೆ ನಿಂತರೂ ಸರಿ. ಬರೆದುಕೊಂಡವರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು. ಹೆಸರಿದ್ದವರು ತಮ್ಮ ಸಾಲನ್ನು ತಮ್ಮ ಬಾಯಲ್ಲಿ, ದಿನಾಂಕ ಸಮೇತ ತಿರುಗಿ ಹೇಳಬೇಕು; ಬರೀ ‘ಓಕೆ’ ಸಲ್ಲದು. ಅದೇ ದಿನ ಮೇಲ್ ಹೋಗಬೇಕು, ತಿದ್ದುಪಡಿ ಇದ್ದರೆ ಮರುದಿನ ಮಧ್ಯಾಹ್ನದೊಳಗೆ. ಇದು ಕೆಡುವ ಜಾಗಗಳೂ ಗೊತ್ತಿರುವಂಥವೇ. ಒಂದು ಸಾಲಿಗೆ ಎರಡು ಹೆಸರು ಹಾಕಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಹೆಸರಿನ ಜಾಗದಲ್ಲಿ ‘ಟೀಮ್’ ಎಂದು ಬರೆದರೆ ಖಾಲಿ ಬಿಟ್ಟಂತೆಯೇ. ಮೀಟಿಂಗಿಗೆ ಬಾರದವರ ತಲೆಗೆ ಕೆಲಸ ಕಟ್ಟಿದರೆ ಅವರು ಒಪ್ಪುವವರೆಗೂ ಅದು ಯಾರ ಕೆಲಸವೂ ಅಲ್ಲ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಕ್ರಿಯಾಪದವಿಲ್ಲದ ಸಾಲು. ‘ಸೆನ್ಸರ್ ವಿಷಯ’ ಎಂದು ಬರೆದರೆ ಏನು ಮಾಡಿದರೆ ಅದು ಮುಗಿದಂತೆ? ‘ಸೆನ್ಸರ್ ಬದಲಿಸಿ, ಮೂರು ಸಲ ಅಳೆದು, ಅಳತೆಯ ಹಾಳೆ ಕಳಿಸುವುದು’ ಎಂದಿದ್ದರೆ ಜಗಳಕ್ಕೆ ಎಡೆಯಿಲ್ಲ.

‘ಯಾವಾಗ’ ಎಂಬುದರಲ್ಲೇ ಇನ್ನಷ್ಟು ಗುಂಡಿಗಳಿವೆ. ಏಳೂವರೆಗೆ ಜರ್ಮನ್ನರು ಹೇಳುವುದು ‘ಹಾಲ್ಪ್ ಆಖ್ಟ್’, ಪದಶಃ ಅರ್ಧ ಎಂಟು, ಅಂದರೆ ಎಂಟರ ಕಡೆಗೆ ಅರ್ಧ ದಾರಿ. ನಮ್ಮವರು ಎಂಟೂವರೆ ಎಂದುಕೊಂಡು ಒಂದು ಗಂಟೆ ತಡವಾಗಿ ಬರುತ್ತಾರೆ. ಗಡುವನ್ನು ಅವರು ದಿನಾಂಕಕ್ಕಿಂತ ವಾರದ ಸಂಖ್ಯೆಯಲ್ಲಿ ಹೇಳುವುದು ಹೆಚ್ಚು: ‘32ನೇ ವಾರದೊಳಗೆ’. ಅವರ ವಾರ ಸೋಮವಾರದಿಂದ ಶುರು. ವರ್ಷದ ಮೊದಲ ಗುರುವಾರ ಬರುವ ವಾರವೇ ಒಂದನೆಯದು. 32ನೇ ವಾರದ ಸೋಮವಾರವೋ ಶುಕ್ರವಾರವೋ ಎಂದು ಕೇಳಿಕೊಂಡು ದಿನಾಂಕ ಬರೆಯಿರಿ. ಬೇಸಿಗೆಯಲ್ಲಿ ಬೆಂಗಳೂರು ಮೂರೂವರೆ ಗಂಟೆ ಮುಂದಿದ್ದರೆ ಚಳಿಗಾಲದಲ್ಲಿ ನಾಲ್ಕೂವರೆ; ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿಯ ಗಡಿಯಾರ ಬದಲಾಗುತ್ತದೆ. ಶುಕ್ರವಾರ ಮಧ್ಯಾಹ್ನವಾದರೆ ಇಲ್ಲಿಯ ಎಷ್ಟೋ ಆಫೀಸುಗಳು ಅರ್ಧ ಖಾಲಿ. ‘ಶುಕ್ರವಾರ ಸಂಜೆ’ ಎಂದು ಮಾತು ಕೊಟ್ಟು ಬೆಂಗಳೂರಿನ ರಾತ್ರಿ ಎಂಟಕ್ಕೆ ಕಳಿಸಿದ್ದನ್ನು ಇಲ್ಲಿ ತೆರೆಯುವುದು ಸೋಮವಾರವೇ. ಅಂಕಿಗಳಲ್ಲಂತೂ ಚುಕ್ಕಿಗೂ ಅಲ್ಪವಿರಾಮಕ್ಕೂ ಅದಲು ಬದಲು: ಅವರ 1.500 ನಮ್ಮ ಸಾವಿರದೈನೂರು, ಅವರ 1,5 ನಮ್ಮ ಒಂದೂವರೆ. ಅಳತೆಯ ಮಾನವನ್ನು ಬರೆಯದೆ ಯಾವ ಅಂಕಿಯನ್ನೂ ಕಳಿಸಬೇಡಿ.

ತಡವಾಗುತ್ತದೆ ಎಂದು ಗೊತ್ತಾದ ಮೇಲೆ ಸುಮ್ಮನಿರುವುದು ನಮ್ಮ ದೊಡ್ಡ ದೌರ್ಬಲ್ಯ. ಅದು ಸೋಮಾರಿತನವಲ್ಲ, ಪರಿಹಾರ ಕೈಗೆ ಸಿಕ್ಕಮೇಲೆ ಹೇಳಿದರಾಯಿತು, ಬರಿಗೈಯಲ್ಲಿ ಹೋಗಿ ಹೇಗೆ ಹೇಳುವುದು ಎಂಬ ಸಂಕೋಚ. ಆದರೆ ಶುಕ್ರವಾರ ಕೊಡಬೇಕಾದ್ದು ತಡ ಎಂದು ಮಂಗಳವಾರ ಹೇಳಿದರೆ ಅವರಿಗೆ ಅದು ಮಾಹಿತಿ, ಶುಕ್ರವಾರ ಹೇಳಿದರೆ ನಂಬಿಕೆದ್ರೋಹ. ಸಿಕ್ಕ ಸಮಯದ ಅರ್ಧ ಕಳೆದಾಗ ಒಮ್ಮೆ ಲೆಕ್ಕ ಹಾಕಿ, ಸಂಶಯ ಬಂದರೆ ನಾಲ್ಕು ಸಾಲು ಬರೆಯಿರಿ: ‘ಶುಕ್ರವಾರ 12 ಗಂಟೆಗೆ ಕೊಡಬೇಕಿದ್ದ ಅಳತೆ ಹಾಳೆಯನ್ನು ನಾನು ಮುಂದಿನ ಮಂಗಳವಾರ 10 ಗಂಟೆಗೆ ಕೊಡ್ತೀನಿ. ಎರಡನೇ ಸೆನ್ಸರ್ ಇನ್ನೂ ಕೈಗೆ ಬಂದಿಲ್ಲ. ಮೊದಲನೆಯದರ ಅಳತೆ ಶುಕ್ರವಾರವೇ ಕಳಿಸ್ತೀನಿ. ಇದರಿಂದ ನಿಮ್ಮ ಕೆಲಸ ನಿಲ್ಲೋದಾದರೆ ನಾಳೆ ಸಂಜೆಯೊಳಗೆ ತಿಳಿಸಿ.’ ಕ್ಷಮಾಪಣೆ ಒಂದು ಸಲ ಸಾಕು. ಮೂರು ಸಲ ಬರೆದರೆ ವಿಷಯ ಮುಚ್ಚಿಹೋಗುತ್ತದೆ.

ಟೀಕೆಯ ವಿಷಯದಲ್ಲಿ ನಮ್ಮವರು ನೋಯುವುದನ್ನು ಕಂಡರೆ ಸಂಕಟವಾಗುತ್ತದೆ. ‘ಇದು ತಪ್ಪು’ ಎಂದು ಜರ್ಮನ್ನರು ಮೊದಲ ನಿಮಿಷದಲ್ಲೇ, ಎಲ್ಲರೆದುರು ಹೇಳಿಬಿಡುತ್ತಾರೆ. ಅದು ಹಾಳೆಯ ಮೇಲಿನ ತಪ್ಪಿನ ಬಗ್ಗೆ. ಅದೇ ಮಧ್ಯಾಹ್ನ ಜೊತೆಗೇ ಊಟಕ್ಕೆ ಕರೆಯುತ್ತಾರೆ. ಸ್ಟುಟ್‌ಗಾರ್ಟ್ ಸೀಮೆಯ ಶ್ವಾಬಿಯನ್ನರಲ್ಲಿ ಒಂದು ಗಾದೆಯೇ ಇದೆ: ‘ಬೈಯಲಿಲ್ಲ ಅಂದರೆ ಹೊಗಳಿದ್ದು ಸಾಕಾಯಿತು’. ‘ಕೆಟ್ಟದಾಗಿಲ್ಲ’ ಅಂದರೆ ಹಿಗ್ಗಬಹುದು. ನಮ್ಮ ನೀನು, ನೀವುಗಳ ಹಾಗೆ ಅವರಿಗೂ ‘ದು’, ‘ಜೀ’ ಎಂದು ಎರಡುಂಟು. ಆದರೆ ನಮ್ಮಲ್ಲಿ ಹಿರಿಯರು ‘ನೀನು’ ಅಂದರೂ ಕಿರಿಯರು ‘ನೀವು’ ಅನ್ನುತ್ತಲೇ ಇರುತ್ತಾರೆ. ಇಲ್ಲಿಯ ಆಫೀಸುಗಳಲ್ಲಿ ಹಿರಿಯರು ಒಮ್ಮೆ ‘ದು’ಗೆ ಕರೆದರೆ ಎರಡೂ ಕಡೆ ಅದೇ. ಮತ್ತೂ ‘ಸಾರ್’ ಅನ್ನುತ್ತಿದ್ದರೆ ಕೊಟ್ಟ ಸಲಿಗೆಯನ್ನು ತಿರಸ್ಕರಿಸಿದಂತೆ ಅವರಿಗೆ ತೋರುತ್ತದೆ.

ಜರ್ಮನ್ನರೂ ನಮ್ಮಿಂದ ಕಲಿಯಬೇಕಾದ್ದಿದೆ, ಇದನ್ನು ನಾವು ಧೈರ್ಯವಾಗಿ ಹೇಳಬೇಕು. ಬೆಂಗಳೂರಿನವರಿಗೆ ‘ಅರ್ಥ ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಎಂಬ ಉತ್ತರ ಬಿಟ್ಟು ಬೇರೆ ಬರಲಾರದು. ‘ಎಲ್ಲಿಂದ ಶುರು ಮಾಡ್ತೀರಿ?’ ಎಂದು ಕೇಳಲಿ. ತಾವೇ ದಿನಾಂಕ ಹೇಳಿ ಒಪ್ಪಿಗೆ ಪಡೆಯುವ ಬದಲು, ‘ನಿಮಗೆ ಎಷ್ಟು ದಿನ ಬೇಕು?’ ಎಂದು ಮೊದಲು ಕೇಳಿ ಬಾಯಿ ಮುಚ್ಚಿ ಕಾಯಲಿ. ಇವರಲ್ಲಿ ನಡುಮಧ್ಯಾಹ್ನ ಕಾರಿಡಾರಿನಲ್ಲಿ ಎದುರಾದರೆ ‘ಮಾಲ್‌ಟ್ಸೈಟ್’ ಅನ್ನುವ ರೂಢಿಯಿದೆ. ಊಟದ ಹೊತ್ತು ಎಂದರ್ಥ. ಅಂದು ನಡೆದುಬಿಡುತ್ತಾರೆ. ನಮ್ಮ ‘ಊಟ ಆಯ್ತಾ?’ ಅಲ್ಲೇ ನಿಂತು ಉತ್ತರಕ್ಕೆ ಕಾಯುತ್ತದೆ. ‘ಇಲ್ಲ, ಬೇಡ ಅನ್ನಿಸ್ತು’ ಎಂಬ ಉತ್ತರದಲ್ಲಿ ಯಾವ ಪ್ರೊಟೊಕಾಲಿಗೂ ಸಿಗದ ಸುದ್ದಿ ಇರುತ್ತದೆ.

ಮನೆಗೆ ಫೋನ್ ಮಾಡುವಾಗ ಪ್ರೊಟೊಕಾಲಿನ ನಿಖರತೆ, ‘ಊಟ ಆಯ್ತಾ?’ ಎಂಬ ಅಕ್ಕರೆ ಎರಡೂ ಬೇಕು. ದೂರದಲ್ಲಿರುವ ಮಕ್ಕಳಿಗೆ ತಾಯಿ ಹೇಳುವ ‘ಎಲ್ಲಾ ಚೆನ್ನಾಗಿದೀವಿ’ ಕೂಡ ಒಂದು ಬಗೆಯ ಆಯ್ತುವೇ. ‘ಮಾತ್ರೆ ತಗೊಂಡ್ಯಾ ಅಮ್ಮ?’ ಎಂದರೆ ‘ಹ್ಞೂಂ’ ಅನ್ನುತ್ತಾರೆ. ಮೊದಲು ಊಟ ಆಯ್ತಾ ಕೇಳಿ, ಏನು ಸಾರು ಮಾಡಿದ್ದೆ ಕೇಳಿ, ಪಕ್ಕದ ಮನೆಯ ವಿಷಯ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ, ‘ಆ ಪಟ್ಟೀಲಿ ಇನ್ನೆಷ್ಟು ಮಾತ್ರೆ ಉಳಿದಿದೆ ನೋಡಿ ಹೇಳಮ್ಮ, ಮುಗಿಯೋ ಮುಂಚೆ ತರಿಸೋಣ’ ಅನ್ನಿ. ಹತ್ತು ಮಾತ್ರೆಯ ಪಟ್ಟಿ, ದಿನಕ್ಕೆ ಎರಡು, ಸೋಮವಾರ ಬೆಳಿಗ್ಗೆ ಶುರುಮಾಡಿದ್ದರೆ ಬುಧವಾರ ರಾತ್ರಿ ಊಟದ ಮೇಲೆ ನಾಲ್ಕು ಉಳಿದಿರಬೇಕು. ಏಳು ಅಂದರೆ ಬೈಯಬೇಡಿ. ಯಾವ ಹೊತ್ತಿನದು ತಪ್ಪುತ್ತಿದೆ, ಬೆಳಗಿನದೋ ರಾತ್ರಿಯದೋ ಎಂದಷ್ಟೇ ಕೇಳಿ.