ನೀನಾಸಮ್ ಶುರುವಾಗಿದ್ದು ಊರಿನವರ ನಾಟಕದಿಂದ

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ಅಂದ ಕೂಡಲೇ ನಮಗೆ ನೆನಪಾಗುವುದು ಅಲ್ಲಿಯ ರಂಗಶಾಲೆ, ಊರೂರು ಸುತ್ತಿ ನಾಟಕ ಆಡುವ ತಂಡ ತಿರುಗಾಟ, ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ. ಅದಕ್ಕೂ ಮುಂಚಿನ ಕಥೆ ಯಾರೂ ಜಾಸ್ತಿ ಹೇಳುವುದಿಲ್ಲ. ನನಗೆ ಬೇಕಾಗಿರುವುದು ಅದೇ.

1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದರ ಚಿಕ್ಕ ಹೆಸರೇ ನೀನಾಸಮ್. ದೇವರ ಹೆಸರಿಟ್ಟುಕೊಂಡ ಇಂಥ ನಾಟಕ ಸಂಘಗಳು ಆಗ ಎಷ್ಟೋ ಊರುಗಳಲ್ಲಿದ್ದವು. ಅದರಲ್ಲಿ ಇದೂ ಒಂದು. ಹಗಲು ಅಡಿಕೆ ತೋಟ, ಗದ್ದೆ, ಅಂಗಡಿ. ಕೆಲಸ ಮುಗಿದ ಮೇಲೆ ತಾಲೀಮು. ಸುಬ್ಬಣ್ಣ ಆಗಿನ್ನೂ ಹದಿಹರೆಯದ ಹುಡುಗ. ಮುಂದೆ ಮೈಸೂರಿನಲ್ಲಿ ಓದಿ, ಮತ್ತೆ ಊರಿಗೇ ಬಂದು ತೋಟ ನೋಡಿಕೊಂಡು ನಾಟಕ ಮಾಡಿಸಿದರು.

ಇಸವಿಗಳನ್ನು ಸ್ವಲ್ಪ ಗಮನಿಸಿ. ಶಿವರಾಮ ಕಾರಂತ ರಂಗಮಂದಿರ ಎದ್ದಿದ್ದು 1972ರ ಹೊತ್ತಿಗೆ. ಸಿನಿಮಾ ತೋರಿಸುವ ಚಿತ್ರಸಮಾಜ 1973ರಲ್ಲಿ. ರಂಗಶಾಲೆ 1980ರಲ್ಲಿ, ತಿರುಗಾಟ 1985ರಲ್ಲಿ. ಅಂದರೆ ರಂಗಶಾಲೆ ಬರುವ ಮೊದಲು 30 ವರ್ಷ ಅಲ್ಲಿದ್ದಿದ್ದು ಊರಿನ ಹವ್ಯಾಸಿ ತಂಡ. ಅಷ್ಟು ವರ್ಷದಲ್ಲಿ ತಯಾರಾಗಿದ್ದು ನಟರು ಮಾತ್ರ ಅಲ್ಲ, ನೋಡುವವರೂ ತಯಾರಾದರು. ಪಕ್ಕದ ಮನೆಯವನ ಪಾರ್ಟು ನೋಡೋಕೆ ಅಂತ ಬಂದು ಕೂತವರು ಮುಂದೆ ಶೇಕ್ಸ್‌ಪಿಯರ್, ಬ್ರೆಕ್ಟ್ ನಾಟಕಗಳಿಗೂ ಬಂದು ಕೂತರು. ಕುರೊಸಾವಾ, ಸತ್ಯಜಿತ್ ರಾಯ್ ಸಿನಿಮಾಗಳನ್ನೂ ನೋಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತಾ ಅಂತ ಕೇಳುವವರಿಗೆ ಹೆಗ್ಗೋಡು ಉತ್ತರ ಕೊಟ್ಟು ಎಷ್ಟೋ ಕಾಲವಾಯಿತು.

ತಿರುಗಾಟದ ನಾಟಕ ಎಲ್ಲರೂ ನೋಡಿರುತ್ತೀರಿ. ಒಮ್ಮೆ ಅವತ್ತು ಬೆಳಿಗ್ಗೆಯೇ ಹೋಗಿ ನೋಡಿ. ಪೆಟ್ಟಿಗೆ, ಲೈಟು, ಹಲಗೆ, ಕಂಬ ಎಲ್ಲ ಕೆಳಗಿಳಿಸುವುದು ನಟರೇ. ರಾತ್ರಿ ರಾಣಿಯಾಗುವ ಹುಡುಗಿ ಹಗಲು ಏಣಿ ಹಿಡಿದು ನಿಂತಿರುತ್ತಾಳೆ. ರಾಜನ ಪಾತ್ರದವನು ವೈರು ಎಳೆಯುತ್ತಿರುತ್ತಾನೆ. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಮತ್ತೆ ಎಲ್ಲ ಬಿಚ್ಚಿ, ಕಟ್ಟಿ, ಏರಿಸಬೇಕು. ನಾಳೆ ಇನ್ನೊಂದು ಊರು.

ಆ ಊರುಗಳಲ್ಲಿ ಇವರನ್ನು ಕರೆಸುವವರು ಯಾರು? ಟಿಕೆಟ್ ಹಿಡಿದು ಅಂಗಡಿ ಅಂಗಡಿ ಸುತ್ತುವವರು, ಊಟ ವಸತಿ ನೋಡಿಕೊಳ್ಳುವವರು ಯಾರು? ಬಹಳ ಕಡೆ ಅಲ್ಲಿಯ ಹವ್ಯಾಸಿ ತಂಡದವರೇ. ಮೇಷ್ಟ್ರು, ಬ್ಯಾಂಕಿನವರು, ಔಷಧಿ ಅಂಗಡಿಯವರು. ಇವರು ಕೈಬಿಟ್ಟರೆ ಎಂಥ ದೊಡ್ಡ ವೃತ್ತಿಪರ ನಾಟಕ ತಂಡವೂ ಆ ಊರಿಗೆ ಕಾಲಿಡುವುದಿಲ್ಲ. ಅದಕ್ಕೇ ಹವ್ಯಾಸಿ ರಂಗಭೂಮಿಯನ್ನು ಯಾರಾದರೂ ‘ಸುಮ್ನೆ ಟೈಂಪಾಸ್’ ಅಂದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಈಗ ಎಷ್ಟೋ ಊರುಗಳಲ್ಲಿ ತಂಡ ಇದೆ, ಹುಮ್ಮಸ್ಸೂ ಇದೆ, ತಾಲೀಮಿಗೆ ಜಾಗ ಇಲ್ಲ. ಸಮುದಾಯ ಭವನ ಕೇಳಿದರೆ ಮದುವೆ ಬಾಡಿಗೆಯ ಲೆಕ್ಕ ಹೇಳುತ್ತಾರೆ. ಕಾರ್ ಶೆಡ್ಡಿನಲ್ಲಿ, ಯಾರದೋ ಮನೆ ಮಹಡಿ ಮೇಲೆ ನಾಟಕದ ಮಾತು ಕಲಿಯುವವರನ್ನು ನಾನು ಕಂಡಿದ್ದೇನೆ. ಜೋರಾಗಿ ಮಾತಾಡಿದರೆ ಪಕ್ಕದವರ ಬೈಗುಳ ಬೇರೆ.

ಅನುದಾನದ ಮಾತು ಆಮೇಲೆ ಆಡೋಣ. ಸಂಜೆ ಆರರ ಮೇಲೆ ಸರ್ಕಾರಿ ಶಾಲೆಯ ಒಂದು ಕೊಠಡಿ ಬಿಟ್ಟುಕೊಡಲಿ. ಕರೆಂಟ್ ಬಿಲ್ ತಂಡದವರೇ ಕಟ್ಟುತ್ತಾರೆ, ಕಸವನ್ನೂ ಗುಡಿಸುತ್ತಾರೆ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯಲ್ಲಿ, ಇರುವ ಗೆಳೆಯರೇ, ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಉಳಿದವರು ಊರಿನ ತಂಡದ ನಾಟಕಕ್ಕೆ ಪಾಸ್ ಕೇಳಬೇಡಿ. ಟಿಕೆಟ್ ತಗೊಳ್ಳಿ, ಮನೆಯವರಿಗೂ ಸೇರಿಸಿ.