90 ಸಾವಿರ ವ್ಯೂ, 11 ಫೋನ್

ಇವತ್ತು ಬೆಳಿಗ್ಗೆಯಿಂದ ಮಂಡೆಬಿಸಿ. ಬರೆಯದೆ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಮಂಗಳೂರಿನ ರಥಬೀದಿ ಹತ್ತಿರ ಗುರುತಿನ ಅಣ್ಣ ಒಬ್ಬರ ಉಪ್ಪಿನಕಾಯಿ, ಹಪ್ಪಳದ ಅಂಗಡಿ ಉಂಟು. ಹೆಸರು ಬೇಡ, ನಾಳೆ ಪುನಃ ಅವರ ಮುಖ ನೋಡಬೇಕು. ನಾನು ಮೆಟ್ಟಿಲು ಹತ್ತುವ ಮೊದಲೇ ಮೊಬೈಲ್ ಮುಂದೆ ಹಿಡಿದರು. "ನೋಡು ಮಾರಾಯ, 90 ಸಾವಿರ ವ್ಯೂ!" ಹೊರಗೆ ಮಳೆ, ಬಟ್ಟಲಲ್ಲಿ ಬಿಸಿ ಗಂಜಿ, ಬದಿಯಲ್ಲಿ ಮಿಡಿ ಉಪ್ಪಿನಕಾಯಿ, ಹಿಂದೆ ಈಗ ಎಲ್ಲರೂ ಹಾಕುವ ಆ ಹಿಂದಿ ಹಾಡು. ರೀಲ್ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. "ಫೋನ್ ಎಷ್ಟು ಬಂತು ಅಣ್ಣ?" ಅಂದೆ. 11. ಅದರಲ್ಲಿ ಒಂದು ಕ್ರೆಡಿಟ್ ಕಾರ್ಡ್ ಬೇಕಾ ಅಂತ ಕೇಳಿದ ಹುಡುಗಿಯದ್ದು.

ರೀಲನ್ನು ಯಾರು, ಯಾವ ಊರಿಂದ ನೋಡಿದರು ಅಂತ ತೋರಿಸುವ ಇನ್‌ಸೈಟ್ಸ್ ತೆಗೆದೆ. ನೋಡಿದವರಲ್ಲಿ ಜಾಸ್ತಿ ಹೈದರಾಬಾದ್, ಪುಣೆ, ದೆಹಲಿಯವರು. ಅಣ್ಣ ಕೊರಿಯರ್ ಮಾಡುವುದಿಲ್ಲ. ಎಣ್ಣೆ ಸೋರುತ್ತದೆ, ಹೆಸರು ಹಾಳಾಗುತ್ತದೆ ಅಂತ ಅವರ ಹಠ. ಪೇಟೆಯೊಳಗೆ ಮಾತ್ರ ಹುಡುಗ ಸ್ಕೂಟರಿನಲ್ಲಿ ಕೊಟ್ಟು ಬರುತ್ತಾನೆ. ಹಾಗಾದರೆ ಹೈದರಾಬಾದಿನವ ಏನು ಮಾಡಬೇಕು? ಮಿಡಿ ನೋಡಿ ಬಾಯಿ ಚಪ್ಪರಿಸಿ ಮಲಗಬೇಕು, ಅಷ್ಟೇ.

ಇದನ್ನು ಹೇಳಿದರೆ ಕೂಡಲೇ ಒಂದು ಮಾತು ಬರುತ್ತದೆ. ಬ್ರ್ಯಾಂಡ್ ಅವೇರ್‌ನೆಸ್! ಹೆಸರು ಊರೆಲ್ಲ ಹರಡಿದರೆ ಒಂದಲ್ಲ ಒಂದು ದಿನ ಫಲ ಕೊಡುತ್ತದಂತೆ. ಸಾವಿರ ಕೋಟಿಯ ಸೋಪಿನ ಕಂಪನಿಗೆ ಕೊಡಬಹುದು ಮಾರ್ರೆ. ತಿಂಗಳಿಗೆ ಜಾಹೀರಾತಿಗೆ ಆರು ಸಾವಿರ ತೆಗೆದಿಡುವ ಅಂಗಡಿಗೆ ಆ "ಒಂದು ದಿನ" ಬರುವಾಗ ಬಾಡಿಗೆ ಯಾರು ಕಟ್ಟುತ್ತಾರೆ?

ನಾನೇನು ಸಾಚಾ ಅಲ್ಲ. ಅಂಗಡಿಗಳಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಡುವ ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನ ರಿಪೋರ್ಟಿನಲ್ಲಿ ಇದ್ದದ್ದೂ ಬರೀ ರೀಚ್, ಇಂಪ್ರೆಶನ್, ಅಂದರೆ ಎಷ್ಟು ಜನರಿಗೆ ತಲುಪಿತು, ಎಷ್ಟು ಸಲ ಕಾಣಿಸಿತು ಅಂತ. ಬಣ್ಣಬಣ್ಣದ ಗ್ರಾಫ್, ಎಲ್ಲ ಮೇಲಕ್ಕೇ ಹೋಗುವಂಥದ್ದು. ಒಮ್ಮೆ ಹಂಪನಕಟ್ಟೆಯಲ್ಲಿ ಪಿನ್ ಚುಚ್ಚಿ ಅದರ ಸುತ್ತ 25 ಕಿ.ಮೀ.ಗೆ ಜಾಹೀರಾತು ಬಿಟ್ಟಿದ್ದೆ. ಎಷ್ಟೋ ದಿನದ ಮೇಲೆ ಮ್ಯಾಪ್ ಸರಿಯಾಗಿ ನೋಡಿದರೆ ವೃತ್ತದ ಹತ್ತಿರ ಹತ್ತಿರ ಅರ್ಧ ಅರಬ್ಬಿ ಸಮುದ್ರದಲ್ಲಿ! ಬಂಗುಡೆಗಳಿಗೆ ಅಕೌಂಟ್ ಇಲ್ಲದ ಕಾರಣ ದುಡ್ಡು ಉಳಿಯಿತು. ಇನ್ನು ಆ ವ್ಯೂ ಲೆಕ್ಕ. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟು ಲೆಕ್ಕ ಹಾಕಿ ವಿಡಿಯೋ ನೋಡುವ ಸರಾಸರಿ ಸಮಯವನ್ನು ಜಾಸ್ತಿ ತೋರಿಸಿದ್ದೆವು ಅಂತ 2016ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತ್ತು. ಅಂಥ ಅಂಕಿ ನಂಬಿ ನಾವು ಪೇಡಾ ಹಂಚುವುದು.

ನಾನು ಕೇಳುವುದು ಒಂದೇ. ವ್ಯೂ ಬಿಡಿ, ದುಡ್ಡು ಕೊಟ್ಟವರು ಯಾರು?

ಅದರ ಉತ್ತರ ಅಣ್ಣನ ವಾಟ್ಸಾಪಿನಲ್ಲೇ ಬಿದ್ದುಕೊಂಡಿತ್ತು. ಕಳೆದ ಎರಡು ತಿಂಗಳ ಆರ್ಡರುಗಳನ್ನು ಕೌಂಟರಿನಲ್ಲೇ ಕೂತು ಶೀಟಿಗೆ ಹಾಕಿದೆವು. ತಾರೀಕು, ಗಂಟೆ, ನಂಬರ್, ತಲುಪಿಸಿದ ಜಾಗ, ಮೊತ್ತ. ಬೇರೇನಿಲ್ಲ. ಮೊತ್ತದ ಕಾಲಂ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದ ಕೂಡಲೇ ಮೇಲೆ ಬಂದು ಕೂತದ್ದು 971, 965, 974ರಿಂದ ಶುರುವಾಗುವ ನಂಬರುಗಳು. ದುಬೈ ಕಡೆಯವರು, ಕುವೈತ್, ಕತಾರ್. ತಲುಪಿಸಿದ್ದೆಲ್ಲಿ? ಬಿಜೈ, ಕುಲಶೇಖರ, ಸುರತ್ಕಲ್. ಮಗ ಅಲ್ಲಿಂದ ದುಡ್ಡು ಹಾಕುತ್ತಾನೆ, ಇಲ್ಲಿ ಅಮ್ಮನ ಮನೆಗೆ ಹಪ್ಪಳ ಹೋಗುತ್ತದೆ. ಮೆಸೇಜ್ ಜಾಸ್ತಿ ಬರುವುದು ಗುರುವಾರ ರಾತ್ರಿ, ಶುಕ್ರವಾರ. ನಮ್ಮ ಅಣ್ಣ ಜಾಹೀರಾತು ಬಿಡುವುದು ಆದಿತ್ಯವಾರ ಬೆಳಿಗ್ಗೆ, ರಥಬೀದಿಯ ಸುತ್ತ 10 ಕಿ.ಮೀ.ಗೆ. ನಗಬೇಕಾ ಅಳಬೇಕಾ ನೀವೇ ಹೇಳಿ.

ವೆಬ್‌ಸೈಟಿನದ್ದು ಇನ್ನೊಂದು ಕಥೆ. ಸೈಟಿಗೆ ಯಾರು ಎಲ್ಲಿಂದ ಬಂದರು ಅಂತ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ "ಡೈರೆಕ್ಟ್" ಅಂತ ಬರುವವರೇ ಜಾಸ್ತಿ. ಜನ ನಮ್ಮ ಹೆಸರು ಬಾಯಿಪಾಠ ಮಾಡಿ ಟೈಪ್ ಮಾಡುತ್ತಾರೆ ಅಂತ ಅಣ್ಣನಿಗೆ ಖುಷಿ. ಅಲ್ಲ ಅಣ್ಣ. ಎಲ್ಲಿಂದ ಬಂದರು ಅಂತ ಗೊತ್ತಾಗದವರನ್ನೆಲ್ಲ ಅದು ಅಲ್ಲಿಗೇ ತಳ್ಳುತ್ತದೆ, ವಾಟ್ಸಾಪ್ ಲಿಂಕ್ ಒತ್ತಿ ಬಂದವರು ಕೂಡ. ಲಿಂಕಿನ ಬಾಲಕ್ಕೆ ಯುಟಿಎಂ, ಅಂದರೆ ಎಲ್ಲಿಂದ ಬಂದದ್ದು ಅಂತ ಹೇಳುವ ಗುರುತು ಸೇರಿಸಿ, ಸ್ಟೇಟಸ್ಸಿಗೊಂದು, ಇನ್‌ಸ್ಟಾ ಬಯೋಗೊಂದು, ಜಾಹೀರಾತಿಗೊಂದು ಬೇರೆ ಬೇರೆ ಮಾಡಿದರೆ ಸಾಕು. ಬಿಟ್ಟಿ ಕೆಲಸ, ಐದು ನಿಮಿಷ. ಇದಕ್ಕಾಗಿ ನಾನು ಏಳು ತಿಂಗಳಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ.

"ನಮ್ಮ ಅಪ್ಪ ಡೇಟಾ ಗೀಟಾ ನೋಡಿ ವ್ಯಾಪಾರ ಮಾಡಿದ್ದಾ?" ಅಂತ ಅಣ್ಣ ಸಣ್ಣಕ್ಕೆ ಸಿಟ್ಟಾದರು. ಅವರಪ್ಪನನ್ನು ನಾನು ನೋಡಿದ್ದೇನೆ. ಚೌತಿಗೆ ಯಾವ ಮನೆಗೆ ಎಷ್ಟು ಕಟ್ಟು ಹಪ್ಪಳ ಅಂತ ಉದ್ರಿ ಪುಸ್ತಕ ತೆರೆಯದೆ ಹೇಳುತ್ತಿದ್ದರು. ಮಗ ಆ ಪುಸ್ತಕವನ್ನು ರದ್ದಿಗೆ ಹಾಕಿದರು. ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅಣ್ಣ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಚಹಾ ತರಿಸಿದರು.

ಕೊನೆಗೆ ಒಂದು ನೋಟ್‌ಬುಕ್ ತಂದು ಕೌಂಟರಿನಲ್ಲಿಟ್ಟೆವು. ಬಿಲ್ ಮಾಡುವಾಗ "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?" ಅಂತ ಒಂದು ಮಾತು ಕೇಳಿ ಬರೆಯಬೇಕು. ಮಧ್ಯಾಹ್ನದೊಳಗೆ ಹೊಸಬರು ಏಳು ಜನ. ಐದು ಕಡೆ ಒಂದೇ ಉತ್ತರ: ಮದುವೆ ಊಟದಲ್ಲಿ ತಿಂದೆವು, ಅಡುಗೆಭಟ್ಟರ ಹತ್ತಿರ ಕೇಳಿದೆವು. ರೀಲ್ ನೋಡಿ ಬಂದವರು ಸೊನ್ನೆ.

ಅಣ್ಣ ಪುಸ್ತಕ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನನ್ನ ಕಡೆ ತಿರುಗಿ ಕೇಳಿದರು:

"ಹಾಗಾದ್ರೆ ಮದುವೆ ಹಾಲ್‌ನಲ್ಲೊಂದು ರೀಲ್ ಮಾಡುವನಾ?"